ತುಕ್ಕು ಹಿಡಿದ ಕೋವಿ ಬೋರಿಗೆ ಮೊದ್ಲು ನೀರು, ಎಣ್ಣೆ ಆಮೇಲೆ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಹಳೇ ಮಿಲಿಟರಿ ರೈಫಲ್‌ಗಳ ಬಗ್ಗೆ ಬಂದಿದ್ದ ಲೇಖನ ಓದಿದೆ. ಇತಿಹಾಸದ ಭಾಗ ಚೆನ್ನಾಗೇ ಇತ್ತು, ತಕರಾರಿಲ್ಲ. ಆದ್ರೆ ಕೊನೇಲಿ ತುಕ್ಕು ಹಿಡಿದ ಬೋರ್, ಅಂದ್ರೆ ಬ್ಯಾರಲ್ ಒಳಗಿನ ತೂತು, ಕ್ಲೀನ್ ಮಾಡೋದು ಹೆಂಗೆ ಅಂತ ನಾಲ್ಕು ಸಾಲು ಬರ್ದಿದಾರಲ್ಲ, ಅದನ್ನ ನಂಬ್ಕೊಂಡು ಯಾರಾದ್ರೂ ಗುಂಡು ಹೊರಗೆ ಬರೋ ಮೂತಿ ಕಡೆಯಿಂದ ಸ್ಟೀಲ್ ಬ್ರಷ್ ತುರುಕಿ, ವಿನೆಗರ್ ಸುರಿದು, ಕನ್ನಡಿ ತರ ಹೊಳೆಯೋವರೆಗೂ ಉಜ್ಜಿದ್ರೆ ಎರಡು ಮಹಾಯುದ್ಧ ದಾಟಿ ಬಂದ ಕೋವಿ ಒಂದು ಮಧ್ಯಾಹ್ನದಲ್ಲಿ ಹಾಳಾಗುತ್ತೆ. ನಾನು ಈ ಕೆಲಸ ಕಲ್ತಿದ್ದು ರಿಟೈರ್ ಆದ ಒಬ್ರು ಆರ್ಮರರ್, ಅಂದ್ರೆ ಸೈನ್ಯದ ಕೋವಿ ರಿಪೇರಿ ಮಾಡೋರ ಹತ್ರ, ಅವರು ಕೈಗೆ ಕ್ಲೀನ್ ಮಾಡೋ ರಾಡ್ ಕೊಡೋಕೆ ಮುಂಚೆ ವಾರಗಟ್ಲೆ ಬರೀ ಬೋರ್ ಒಳಗೆ ನೋಡೋದನ್ನೇ ಕಲಿಸಿದ್ರು, ಆಗ ಸಿಟ್ಟು ಬರ್ತಿತ್ತು, ಈಗ ಅರ್ಥ ಆಗ್ತಿದೆ.

ಮೊದಲನೇ ತಪ್ಪು ತುಕ್ಕಿನ ಕಾರಣದಲ್ಲೇ ಇದೆ. ತೇವದಿಂದ ತುಕ್ಕು ಹಿಡಿಯುತ್ತೆ ಅಂತ ಬರ್ದಿದಾರೆ, ನಿಜ, ಆದ್ರೆ ಅರ್ಧ ನಿಜ. ಹಳೇ ಮಿಲಿಟರಿ ತೋಟಾಗಳ ಪ್ರೈಮರ್‌ನಲ್ಲಿ, ಅಂದ್ರೆ ಮದ್ದಿಗೆ ಕಿಡಿ ಕೊಡೋ ಭಾಗದಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರ್ತಿತ್ತು, ಅದು ಉರಿದ ಮೇಲೆ ಬೋರ್ ತುಂಬ ಪೊಟ್ಯಾಸಿಯಂ ಕ್ಲೋರೈಡ್ ಉಳಿಯುತ್ತೆ, ಅಂದ್ರೆ ಉಪ್ಪಿನ ಜಾತೀದೇ. ಈ ಉಪ್ಪು ಗಾಳಿಯಲ್ಲಿರೋ ತೇವ ಎಳ್ಕೊಂಡು ಉಕ್ಕಿನ ಮೇಲೆ ಕೂತಿರುತ್ತೆ, ಎಣ್ಣೆಯಲ್ಲಿ ಕರಗೋದೇ ಇಲ್ಲ. ನೀವು ಮೇಲಿಂದ ಎಷ್ಟು ಎಣ್ಣೆ ಹಚ್ಚಿದ್ರೂ ಕೆಳಗೆ ಅದು ತನ್ನ ಕೆಲಸ ಮಾಡ್ತಾನೇ ಇರುತ್ತೆ. ಅದಕ್ಕೇ ಬ್ರಿಟಿಷ್ ಸೈನ್ಯದಲ್ಲಿ ತ್ರೀ ನಾಟ್ ತ್ರೀ ರೈಫಲ್ ಫೈರ್ ಮಾಡಿದ ಮೇಲೆ ಬಗ್ಗಿದ ಮೂಗಿನ ಒಂದು ಫನಲ್ ಇಟ್ಟು ಹಿಂದಿನಿಂದ ಕುದಿಯೋ ನೀರು ಹುಯ್ಯೋರು. ಉಪ್ಪು ಕರಗಿಸೋದು ನೀರು, ಕುದಿಯೋ ನೀರು ಯಾಕಂದ್ರೆ ಬ್ಯಾರಲ್ ಬಿಸಿಯಾಗಿ ಒಳಗಿನ ಪಸೆ ತಾನೇ ಆರುತ್ತೆ. ಕೆಲವರು ಗಾಜು ಒರೆಸೋ ಅಮೋನಿಯಾ ಲಿಕ್ವಿಡ್ ಹಾಕಿದ್ರೆ ಉಪ್ಪು ಸಾಯುತ್ತೆ ಅಂತಾರೆ, ಅದ್ರಲ್ಲೂ ಕೆಲಸ ಮಾಡೋದು ನೀರೇ, ಅಮೋನಿಯಾ ಸುಮ್ನೆ ಹೆಸರು ತಗೊಳುತ್ತೆ.

ಶುರು ಮಾಡೋಕೆ ಮುಂಚೆ ಕೋವಿ ಖಾಲಿ ಇದೆಯಾ ಅಂತ ಕಣ್ಣಲ್ಲೂ ನೋಡಿ, ತೋಟಾ ಕೂರೋ ಚೇಂಬರ್‌ಗೆ ಬೆರಳು ಹಾಕೂ ನೋಡಿ, ಹಿಂದೆ ಅದನ್ನ ಮುಚ್ಚೋ ಬೋಲ್ಟ್ ತೆಗೆದು ಪಕ್ಕಕ್ಕಿಡಿ. ಆಮೇಲೆ ಹಿಂದಿನಿಂದ ಟಾರ್ಚ್ ಬಿಟ್ಟು ಮೂತಿ ಕಡೆಯಿಂದ ನೋಡಿ, ತಿರುಗಿಸಿ ಇನ್ನೊಂದು ಕಡೆಯಿಂದಲೂ ನೋಡಿ. ಉಗ್ರಾಣದಲ್ಲಿದ್ದ ರೈಫಲ್ ಆದ್ರೆ ಒಳಗೆ ಕಾಣೋ ಕಂದು ಬಣ್ಣ ತುಕ್ಕೇ ಅಲ್ದೆ ಇರಬಹುದು, ದಶಕಗಟ್ಲೆ ಗಟ್ಟಿಯಾದ ಗ್ರೀಸು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ನಾಲ್ಕು ಸಲ ಹೋಗಿ ಬಂದ್ರೆ ಅಡಿಯಲ್ಲಿ ಥಳಥಳ ಅನ್ನೋ ಬೋರ್ ಇರುತ್ತೆ. ಆದ್ರೆ ಬೆಳಕಿನಲ್ಲಿ ಬೋರ್ ಮಧ್ಯೆ ಎಲ್ಲಾದ್ರೂ ಬಳೆ ತರ ಒಂದು ಕಪ್ಪು ಉಂಗುರ ಕಂಡ್ರೆ ಅಲ್ಲಿಗೇ ನಿಲ್ಲಿಸಿ. ಅದು ಕೊಳೆ ಅಲ್ಲ, ಯಾವತ್ತೋ ಬೋರ್‌ನಲ್ಲಿ ಏನೋ ಸಿಕ್ಕಿದ್ದಾಗ ಫೈರ್ ಮಾಡಿ ಉಕ್ಕೇ ಉಬ್ಬಿರೋದು, ಯಾವ ಬ್ರಷ್‌ಗೂ ಹೋಗಲ್ಲ, ಆ ಬ್ಯಾರಲ್‌ನಲ್ಲಿ ಗುಂಡು ಹಾರಿಸಬಾರ್ದು.

ಇನ್ನು ನಿಜವಾದ ತುಕ್ಕು. ನೀರು ಹುಯ್ದು, ಒಣಗಿಸಿ, ತೆಳ್ಳಗೆ ಒಳಗೆ ಇಳಿಯೋ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಬೇಕಾದ್ರೆ ಎರಡು ರಾತ್ರಿ. ಇಲ್ಲಿ ಎಲ್ರೂ ಅವಸರ ಮಾಡ್ತಾರೆ. ಆಮೇಲೆ ಬೋರ್ ಸೈಜಿಗೆ ಸರಿಯಾದ ಕಂಚಿನ ಬ್ರಷ್, ಸ್ಟೀಲ್‌ದಲ್ಲ, ಕಂಚು ಬ್ಯಾರಲ್ ಉಕ್ಕಿಗಿಂತ ಮೆತ್ತಗೆ ಅನ್ನೋದೇ ಅದರ ಗುಣ. ರಾಡ್ ಒಂದೇ ತುಂಡಿಂದಾಗಿರಲಿ, ಹಿಡಿ ತಿರುಗೋ ಹಂಗಿರಲಿ, ಯಾಕಂದ್ರೆ ಬ್ರಷ್ ರೈಫ್ಲಿಂಗ್‌ನ, ಅಂದ್ರೆ ಗುಂಡು ತಿರುಗೋ ಹಂಗೆ ಬೋರ್ ಒಳಗೆ ಸುರುಳಿಯಾಗಿ ಕೊರೆದಿರೋದರ, ತೋಡು ಹಿಡ್ಕೊಂಡು ಸುತ್ತುತ್ತಾ ಹೋಗ್ಬೇಕು. ಹಿಂದಿನಿಂದ ತಳ್ಳಿ, ಮೂತಿಯಿಂದ ಪೂರ್ತಿ ಹೊರಗೆ ಬಂದ ಮೇಲೇ ವಾಪಸ್ ಎಳೀರಿ, ಮಧ್ಯದಲ್ಲಿ ದಿಕ್ಕು ಬದಲಾಯಿಸಿದ್ರೆ ಎಳೆಗಳು ಮಡಚಿ ಬ್ರಷ್ ಅಲ್ಲೇ ಕಚ್ಕೊಳುತ್ತೆ.

ಮೂತಿಯಿಂದ ಯಾಕೆ ಬೇಡ ಅಂದ್ರೆ, ಗುಂಡು ಕೋವಿಯನ್ನ ಕೊನೇಲಿ ಮುಟ್ಟೋ ಜಾಗ ಅದು, ಅಲ್ಲಿ ಅಂಚು ಒಂದು ಪಕ್ಕಕ್ಕೆ ಸವೆದ್ರೆ ಮಿಕ್ಕಿದ್ದೆಲ್ಲಾ ಸರಿ ಇದ್ರೂ ಗುರಿ ಕೆಡುತ್ತೆ. ರಷ್ಯಾದ ಹಳೇ ಮೊಸಿನ್ ನಾಗಾಂತ್ ರೈಫಲ್‌ಗಳಲ್ಲಿ ಸ್ಟೀಲ್ ರಾಡ್ ಆಡಿ ಆಡಿ ಮೂತಿ ಎಷ್ಟು ಸವೆದಿರ್ತಿತ್ತು ಅಂದ್ರೆ ರಿಪೇರಿ ಮಾಡುವಾಗ ಆ ಭಾಗದ ಬೋರನ್ನೇ ಸ್ವಲ್ಪ ಅಗಲ ಕೊರೆದು ಬಿಡ್ತಿದ್ರು. ನಮ್ಮ ಸಿಪಾಯಿಗಳು ಫುಲ್‌ತ್ರೂ ಅಂತಾರಲ್ಲ, ಬಟ್ಟೆ ಸಿಗಿಸಿ ಬೋರ್ ಒಳಗೆ ಎಳೆಯೋದು, ಆ ಹಗ್ಗ ಕೂಡ ಓರೆಯಾಗಿ ಎಳೆದ್ರೆ ಮೂತಿಯಲ್ಲಿ ಗಾಡಿ ಚಕ್ರದ ಜಾಡಿನಂಗೆ ಗೀರು ಮಾಡುತ್ತೆ. ಅಮೆರಿಕದ ಗರಾಂಡ್ ತರ ಹಿಂದಿನಿಂದ ರಾಡ್ ಹೋಗದ ರೈಫಲ್ ಆದ್ರೆ ಬೇರೆ ದಾರಿ ಇಲ್ಲ, ರಾಡ್ ಅಂಚಿಗೆ ತಾಗದ ಹಾಗೆ ತಡೆಯೋ ಗೈಡ್ ಮೂತಿಗೆ ಹಾಕೇ ಮಾಡ್ಬೇಕು.

ನನ್ನದೇ ಒಂದು ಪೆದ್ದುತನ ಹೇಳ್ತೀನಿ. ಶುರುವಿನ ದಿನಗಳಲ್ಲಿ ಮೂರು ತುಂಡು ಜೋಡಿಸೋ ಅಲ್ಯುಮಿನಿಯಂ ರಾಡ್ ತಂದು, ಪ್ಯಾಚ್, ಅಂದ್ರೆ ರಾಡ್ ತುದಿಗೆ ಸಿಗಿಸೋ ಬಟ್ಟೆ ತುಂಡು, ಸ್ವಲ್ಪ ದಪ್ಪ ಮಾಡಿದ್ರೆ ಬೇಗ ಕ್ಲೀನ್ ಆಗುತ್ತೆ ಅಂತ ಎರಡು ಪದರ ಬಟ್ಟೆ ಮಡಚಿ ತಳ್ಳಿದೆ. ಅರ್ಧಕ್ಕೆ ಹೋಗಿ ನಿಂತ್ತು. ಎಳೆದ್ರೆ ಜಾಯಿಂಟ್ ಬಿಚ್ಕೊಂಡು ಒಂದು ತುಂಡು ಕೈಗೆ ಬಂತು, ಮಿಕ್ಕಿದ್ದು ಒಳಗೇ. ಸುತ್ತಿಗೆ ತಗೊಂಡು ಬಡಿಯೋಕೆ ಹೋಗಿದ್ದೆ, ಆರ್ಮರರ್ ಸಾಹೇಬ್ರು ಕೈ ಹಿಡ್ಕೊಂಡ್ರು. ಎರಡೂ ಕಡೆಯಿಂದ ಎಣ್ಣೆ ಬಿಟ್ಟು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಒಂದೇ ತುಂಡಿನ ರಾಡ್‌ನಿಂದ ಅವರು ಮೆಲ್ಲಗೆ ಒತ್ತಿದ್ರು, ಪುಸುಕ್ ಅಂತ ಬಂತು. ಬಯ್ಲಿಲ್ಲ, ಆ ಚಿಂದಿ ನನ್ನ ಜೇಬಿಗೆ ಹಾಕಿದ್ರು ಅಷ್ಟೆ.

ಪ್ಯಾಚ್ ಬಣ್ಣ ನೋಡ್ತಾ ಹೋಗೋದೇ ಇದ್ರಲ್ಲಿ ಮಜಾ. ಮೊದ್ಲು ಇಟ್ಟಿಗೆ ಪುಡಿ ಬಣ್ಣ, ಆಮೇಲೆ ಕಂದು, ಆಮೇಲೆ ಕಪ್ಪು, ಅದು ಮಸಿ. ಮಸಿ ಕಮ್ಮಿಯಾದ ಮೇಲೆ ತಾಮ್ರ ತೆಗೆಯೋ ಸಾಲ್ವೆಂಟ್ ಹಾಕಿದ್ರೆ ಹಸಿರು ನೀಲಿ ಬರುತ್ತೆ, ಗುಂಡಿನ ಹೊದಿಕೆಯ ತಾಮ್ರ ಅದು, ಎಷ್ಟೋ ಸಲ ಅದರ ಕೆಳಗೆ ಇನ್ನೊಂದು ಪದರ ತುಕ್ಕು, ಅದರ ಕೆಳಗೆ ಮತ್ತೆ ತಾಮ್ರ. ಒಂದು ಎಚ್ಚರಿಕೆ, ಆ ಸಾಲ್ವೆಂಟ್ ಕಂಚಿನ ಬ್ರಷ್ಷನ್ನೂ ಹಿತ್ತಾಳೆ ತುದಿಯನ್ನೂ ತಿನ್ನುತ್ತೆ, ಆ ನೀಲಿ ನೋಡಿ ಬೋರ್‌ನಲ್ಲಿ ಇನ್ನೂ ತಾಮ್ರ ಇದೆ ಅಂತ ಎರಡು ದಿನ ಉಜ್ಜಿದವರನ್ನ ಕಂಡಿದ್ದೀನಿ. ಈ ಹಂತಕ್ಕೆ ನೈಲಾನ್ ಬ್ರಷ್ ಬಳಸಿ, ಮುಗಿದ ಮೇಲೆ ಸಾಲ್ವೆಂಟ್ ಪೂರ್ತಿ ಒರೆಸಿ.

ಇಷ್ಟಕ್ಕೂ ಬಗ್ಗದ ತುಕ್ಕಿಗೆ ಹಳೇ ಬ್ರಷ್ ಮೇಲೆ ನಾಲ್ಕು ಸೊನ್ನೆ ಗ್ರೇಡಿನ ಅತಿ ನಯವಾದ ಸ್ಟೀಲ್ ವುಲ್ ಸುತ್ತಿ, ಎಣ್ಣೆ ಹಾಕಿ, ಹತ್ತು ಹದಿನೈದು ಸಲ ಆಡಿಸಬಹುದು. ವಿನೆಗರ್ ಮಾತ್ರ ಬೇಡ, ಆಸಿಡ್‌ಗೆ ತುಕ್ಕು ಯಾವುದು ಒಳ್ಳೇ ಉಕ್ಕು ಯಾವುದು ಅಂತ ಗೊತ್ತಾಗಲ್ಲ, ಒಂದು ತೊಟ್ಟು ಹೊರಗೆ ಚೆಲ್ಲಿದ್ರೆ ಉಕ್ಕಿನ ಮೇಲಿರೋ ನೀಲಿಗಪ್ಪು ಲೇಪ, ಬ್ಲೂಯಿಂಗ್ ಅಂತಾರೆ, ಅದೂ ಹೋಯ್ತು. ಎಲೆಕ್ಟ್ರಾಲಿಸಿಸ್ ನಾನೂ ಮಾಡಿ ನೋಡಿದೀನಿ, ವಾಷಿಂಗ್ ಸೋಡಾ ನೀರು ತುಂಬಿ ಮಧ್ಯೆ ಕಬ್ಬಿಣದ ಕಡ್ಡಿ ಇಟ್ಟು ಬ್ಯಾರಲ್‌ಗೆ ನೆಗೆಟಿವ್ ಕೊಡೋದು, ಕೆಲಸ ಮಾಡುತ್ತೆ, ಆದ್ರೆ ವೈರ್ ಉಲ್ಟಾ ಆದ್ರೆ ಕಡ್ಡಿ ಬದ್ಲು ನಿಮ್ಮ ಬ್ಯಾರಲ್ಲೇ ಕರಗೋಕೆ ಶುರು, ಅದಕ್ಕೇ ಹೊಸಬರಿಗೆ ಹೇಳಲ್ಲ.

ಲೇಖನದವರು ಹೊಳಪು ಬರೋವರೆಗೆ ಬಿಡಬೇಡಿ ಅಂದಿದಾರೆ, ನನ್ನ ದೊಡ್ಡ ಜಗಳ ಇರೋದು ಇದ್ರ ಮೇಲೇನೇ. ತುಕ್ಕು ತಿಂದು ಗುಳಿ ಬಿದ್ದಿದ್ರೆ ಅಲ್ಲಿದ್ದ ಉಕ್ಕು ಹೋಗಾಯ್ತು, ಉಜ್ಜಿದ್ರೆ ವಾಪಸ್ ಬರಲ್ಲ. ಗುಳಿ ಕಾಣದ ಹಾಗೆ ಮಾಡ್ಬೇಕಂದ್ರೆ ಸುತ್ತ ಇರೋ ಒಳ್ಳೇ ಉಕ್ಕನ್ನೂ ಗುಳಿಯಷ್ಟೇ ಆಳ ತೆಗೀಬೇಕು, ಅಲ್ಲಿಗೆ ಗುಂಡು ಹಿಡಿಯೋ ರೈಫ್ಲಿಂಗೇ ಹೋಯ್ತು. ಮಬ್ಬು ಬೋರ್ ಇದ್ದು ತೋಡುಗಳ ನಡುವಿನ ಏಣು ಚೂಪಾಗಿದ್ರೆ, ಮೂತಿ ಸರಿ ಇದ್ರೆ, ಎಷ್ಟೋ ರೈಫಲ್ ಚೆನ್ನಾಗೇ ಹೊಡೆಯುತ್ತೆ, ತಾಮ್ರ ಸ್ವಲ್ಪ ಬೇಗ ಹಿಡಿಯುತ್ತೆ, ಅಷ್ಟೇ ವ್ಯತ್ಯಾಸ. ಅಂದಹಾಗೆ ಲೀ ಎನ್‌ಫೀಲ್ಡ್‌ನಲ್ಲಿ, ಅಂದ್ರೆ ಅದೇ ತ್ರೀ ನಾಟ್ ತ್ರೀ ರೈಫಲ್‌ನಲ್ಲಿ, ಸಾಮಾನ್ಯವಾಗಿ 5 ತೋಡು ಇರುತ್ತೆ, ಆದ್ರೆ ಎರಡನೇ ಮಹಾಯುದ್ಧದ ಅವಸರದಲ್ಲಿ 2 ತೋಡಿನ ಬ್ಯಾರಲ್‌ಗಳನ್ನೂ ಮಾಡಿದ್ರು, ಅದನ್ನ ನೋಡಿ ಮೂರು ಸವೆದು ಹೋಗಿವೆ ಅಂತ ಬ್ಯಾರಲ್ ಬಿಸಾಕಬೇಡಿ.

ಕ್ಲೀನ್ ಆಯ್ತು ಅಂದ್ಕೊಂಡ ಮೇಲೆ ತೆಳ್ಳಗೆ ಎಣ್ಣೆ ಹಚ್ಚಿಟ್ಟು ಮೂರು ದಿನ ಬಿಟ್ಟು ಬಿಳೀ ಪ್ಯಾಚ್ ಹಾಕಿ ನೋಡಿ. ಮತ್ತೆ ಇಟ್ಟಿಗೆ ಬಣ್ಣ ಬಂದ್ರೆ ಗುಳಿಗಳಲ್ಲಿ ಉಪ್ಪು ಇನ್ನೂ ಕೂತಿದೆ, ಮತ್ತೆ ನೀರಿಂದ ಶುರು. ನನ್ನ ಹತ್ರ ಬಂದ ಒಂದು ಮೌಸರ್ ರೈಫಲ್‌ಗೆ ಇದು ಐದು ಸಲ ಆಯ್ತು. ಫೈರ್ ಮಾಡೋಕೆ ಮುಂಚೆ ಎಣ್ಣೆ ಒರೆಸಿ, ಬೋರ್ ಖಾಲಿ ಇದೆಯಾ ನೋಡಿ, ಗೊತ್ತಿರೋ ಗನ್‌ಸ್ಮಿತ್ ಹತ್ರ ಹೆಡ್‌ಸ್ಪೇಸ್, ಅಂದ್ರೆ ಬೋಲ್ಟ್ ಮುಖಕ್ಕೂ ಚೇಂಬರ್‌ನಲ್ಲಿ ತೋಟಾ ತಡೆದು ನಿಲ್ಲೋ ಜಾಗಕ್ಕೂ ಇರೋ ಅಂತರ, ಚೆಕ್ ಮಾಡಿಸಿ.

ಮುಂದಿನ ಭಾನುವಾರ ಆ ಲೇಖನದ ಕೆಳಗೆ ಸ್ಟೀಲ್ ಬ್ರಷ್ ಮತ್ತೆ ವಿನೆಗರ್ ವಿಷಯಕ್ಕೆ ಒಂದು ತಿದ್ದುಪಡಿ ಹಾಕಿದ್ರೆ ಉಪಕಾರ. ಜಾಗ ಕಮ್ಮಿ ಇದ್ರೆ ನನ್ನ ಪತ್ರದ ನೀರಿನ ಭಾಗ ಒಂದಾದ್ರೂ ಹಾಕಿ, ಮಿಕ್ಕಿದ್ದು ಕತ್ತರಿಸಿ ಪರವಾಗಿಲ್ಲ.

ಇಂತಿ,
ನಿಮ್ಮ ಹಳೇ ಓದುಗ