ಮಹಿ-ಮಹಿಗೆ ದಪ್ಪ ದಾರವಲ್ಲ, ನಯವಾದ ಡ್ರ್ಯಾಗ್ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಈಚೆಗೆ ಬಂದ ಹವ್ಯಾಸಿ ಗಾಳಗಾರಿಕೆಯ ಬರಹದಲ್ಲಿ, ಹೊರಗಡಲಿಗೆ ಹೋಗುವವರು ಅಂಗಡಿಯಲ್ಲಿ ಸಿಗುವ ಅತಿ ಗಟ್ಟಿ ರಾಡ್, ಅತಿ ದಪ್ಪ ದಾರ ಕೊಳ್ಳಬೇಕೆಂಬ ಸಲಹೆ ಇತ್ತು. ಕೇದರದಂಥ (ಟ್ಯೂನಾ) ಭಾರೀ ಮೀನಿಗೆ ಅದು ಸರಿ. ಮಲ್ಪೆಯಿಂದಲೋ ಮಂಗಳೂರಿನ ಧಕ್ಕೆಯಿಂದಲೋ ಫೈಬರ್ ದೋಣಿಯಲ್ಲಿ ಮಹಿ-ಮಹಿ ಹುಡುಕಿ ಹೊರಟವರು ಅದನ್ನು ನಂಬಿದರೆ ದುಡ್ಡೂ ಹೋಯಿತು, ಮೀನೂ ಹೋಯಿತು.

ಮಹಿ-ಮಹಿ ಮೇಲ್ನೀರಿನ ಮೀನು. ದಡದ ಕಲಕು ನೀರು ದಾಟಿ ನೀಲಿ ನೀರು ಸಿಗುವ ಕಡೆ, ತೇಲುವ ಮರದ ದಿಮ್ಮಿ, ಹರಿದ ಬಲೆ, ಪಾಚಿಯ ಸಾಲು ಇದ್ದಲ್ಲಿ ಗುಂಪಾಗಿ ನಿಂತಿರುತ್ತದೆ. ಹಾರುಮೀನು, ಬೊಂಡಾಸ್ (ಸ್ಕ್ವಿಡ್) ಅದರ ಊಟ. ಕಣ್ಣು ಚುರುಕು, ಓಟ ಜೋರು, ಗಾಳ ತಾಗಿದ ಕೂಡಲೇ ನೀರಿನಿಂದ ಮೇಲೆ ಜಿಗಿಯುತ್ತದೆ. ಸಾಮಗ್ರಿ ಆರಿಸುವಾಗ ಲೆಕ್ಕಕ್ಕೆ ಬರಬೇಕಾದ್ದು ಆ ಜಿಗಿತ, ಮೀನಿನ ತೂಕವಲ್ಲ. ಗುಂಪಿನಲ್ಲಿ ಸಿಗುವವು ಹೆಚ್ಚಾಗಿ ಎರಡರಿಂದ ಐದು ಕೆ.ಜಿ.ಯವು. ಹಣೆ ನೆಟ್ಟಗೆ ಗೋಡೆಯಂತಿರುವ ದೊಡ್ಡ ಗಂಡುಗಳು ಅಪರೂಪ. ಅವಕ್ಕೂ ಮೂವತ್ತು ಪೌಂಡಿನ, ಅಂದರೆ ಅಷ್ಟು ಎಳೆತ ತಾಳುವ, ದಾರ ಸಾಕು.

ಎಸೆದು ಹಿಡಿಯುವುದಕ್ಕೆ ಏಳು ಅಡಿಯ ಸ್ಪಿನ್ನಿಂಗ್ ರಾಡ್ ಇರಲಿ. ಅದರ ಮೇಲೆ 20ರಿಂದ 40 ಪೌಂಡ್ ಎಂದು ಬರೆದಿರಬೇಕು. ತುದಿ ಬಾಗಬೇಕು, ಬುಡ ಗಟ್ಟಿ ಇರಬೇಕು. ಬಂಡೆಯ ಮೇಲೆ ನಿಂತು ಎಸೆಯುವ ಹನ್ನೆರಡು ಅಡಿಯ ರಾಡ್ ದೋಣಿಯಲ್ಲಿ ಪಕ್ಕದವನ ಕಣ್ಣಿಗೇ ಅಪಾಯ. ರೀಲ್ 6000 ಅಳತೆಯದ್ದಿದ್ದು, 30 ಪೌಂಡಿನ ಹೆಣೆದ ದಾರ 250ರಿಂದ 300 ಮೀಟರ್ ಹಿಡಿಯಬೇಕು. ಅದೇ ಶಕ್ತಿಯ ತಂಗೂಸಿ (ಒಂಟಿ ಎಳೆಯ ನೈಲಾನ್ ದಾರ) ಇದರ ಹೆಚ್ಚುಕಡಿಮೆ ಎರಡರಷ್ಟು ದಪ್ಪ. ರೀಲಿನಲ್ಲಿ ದಾರ ಸುತ್ತುವ ಉರುಳೆಯಲ್ಲಿ, ಅಂದರೆ ಸ್ಪೂಲಿನಲ್ಲಿ, ಹಿಡಿಯುವುದೂ ಕಡಿಮೆ, ಗಾಳಿಗೆ ಎದುರಾಗಿ ಎಸೆದರೆ ದೂರಕ್ಕೂ ಹೋಗದು.

ಹೆಣೆದ ದಾರಕ್ಕೆ ಒಂದು ದೋಷವಿದೆ: ಅದು ಎಳೆದರೆ ಹಿಗ್ಗುವುದಿಲ್ಲ. ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ರೀಲಿನ ಬ್ರೇಕ್, ಬಿಗಿಯಾಗಿದ್ದು ಮೀನು ಜಿಗಿದು ತಲೆ ಕೊಡವಿದರೆ, ಪೆಟ್ಟೆಲ್ಲ ಬಾಯಿಯ ತೂತಿಗೇ ಬೀಳುತ್ತದೆ. ತೂತು ಅಗಲವಾಗುತ್ತದೆ, ಮುಂದಿನ ಜಿಗಿತಕ್ಕೆ ಗಾಳ ಕಳಚಿ ಬರುತ್ತದೆ. ‘ಮೀನು ಸರಿಯಾಗಿ ಕಚ್ಚಲಿಲ್ಲ’ ಎಂದು ಕೈಚೆಲ್ಲುವ ಹೆಚ್ಚಿನವರ ಕತೆ ಇದೇ. ಡ್ರ್ಯಾಗನ್ನು ದಾರದ ಶಕ್ತಿಯ ಕಾಲು ಭಾಗಕ್ಕೆ ಇಡಬೇಕು. 30 ಪೌಂಡ್ ಎಂದರೆ ಸುಮಾರು 13.6 ಕೆ.ಜಿ., ಅದರ ಕಾಲು ಭಾಗ ಮೂರೂವರೆ ಕೆ.ಜಿ.ಯ ಹತ್ತಿರ. ಇದನ್ನು ಬೆರಳಲ್ಲಿ ಎಳೆದು ಅಂದಾಜು ಮಾಡಬೇಡಿ. ದಾರವನ್ನು ರಾಡಿನ ಬಳೆಗಳೊಳಗೆ ಹಾಯಿಸಿ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ರಾಡನ್ನು ಓರೆಯಾಗಿ ಹಿಡಿದು ಎಳೆದು ನೋಡಿ. ಮುಳ್ಳು ಮೂರೂವರೆ ದಾಟುವ ಮುನ್ನ ದಾರ ಜಾರಬೇಕು. ಅದೂ ಒಂದೇ ಸಮನೆ ಜಾರಬೇಕು. ನಿಂತು ನಿಂತು ಜಾರುವ ರೀಲ್ ಎಷ್ಟು ಹೆಸರುವಾಸಿಯಾದರೂ ಅಂಗಡಿಯಲ್ಲೇ ಬಿಡಿ.

ಇನ್ನೊಂದು ಸೂಕ್ಷ್ಮ ಹಲವರಿಗೆ ಗೊತ್ತಿಲ್ಲ. ಮೀನು ಓಡಿದಂತೆ ಸ್ಪೂಲಿನ ಸುತ್ತು ಸಣ್ಣದಾಗುತ್ತದೆ; ಅದರ ವ್ಯಾಸ ಅರ್ಧಕ್ಕಿಳಿದರೆ ಮುಟ್ಟದೇ ಬಿಟ್ಟ ಡ್ರ್ಯಾಗೂ ಎರಡು ಪಟ್ಟು ಬಿಗಿಯಾಗುತ್ತದೆ. ದೂರ ಓಡಿದ ಮೀನಿಗೆ ಡ್ರ್ಯಾಗಿನ ಗುಂಡಿ ಸಡಿಲಿಸಬೇಕೇ ಹೊರತು ಬಿಗಿ ಮಾಡಬಾರದು.

ಹೆಣೆದ ದಾರದ ತುದಿಗೆ 50 ಪೌಂಡಿನ ಫ್ಲೋರೋಕಾರ್ಬನ್ ಲೀಡರ್, ಅಂದರೆ ಗಾಳ ಕಟ್ಟುವ ತುದಿದಾರ, ಒಂದೂವರೆಯಿಂದ ಎರಡು ಮೀಟರ್ ಬೇಕು. ಎರಡನ್ನೂ ಸೇರಿಸಲು ಡಬಲ್ ಯೂನಿ ಗಂಟು ಸಾಕು. ಬಿಗಿಯುವ ಮುನ್ನ ಒದ್ದೆ ಮಾಡದಿದ್ದರೆ ಉಜ್ಜಿದ ಬಿಸಿಗೆ ದಾರ ಸತ್ತು, ಗಂಟಿನಲ್ಲೇ ಕಡಿಯುತ್ತದೆ. ತಂತಿಯ ಲೀಡರ್ ಹಾಕಿದರೆ ನೀಲಿ ನೀರಿನಲ್ಲಿ ಮಹಿ-ಮಹಿ ಹತ್ತಿರ ಬಂದು ನೋಡಿ ತಿರುಗಿ ಹೋಗುತ್ತದೆ. ಅಂಜಲ್ ಮೀನಿನ ಹಲ್ಲಿಗೆ ಲೀಡರ್ ಪದೇ ಪದೇ ಕಡಿದುಹೋಗುತ್ತಿದ್ದರೆ ಮಾತ್ರ ಗಾಳದ ಹತ್ತಿರ ಒಂದು ಗೇಣು ಸಣ್ಣ ತಂತಿ ಸೇರಿಸಬಹುದು.

ಬೂತಾಯಿ ಅಥವಾ ಬೊಂಡಾಸ್ ತುಂಡು ಸಿಕ್ಕಿಸಲು 5/0ರಿಂದ 7/0 ಅಳತೆಯ ವೃತ್ತಾಕಾರದ ಗಾಳ, ಅಂದರೆ ಸರ್ಕಲ್ ಹುಕ್, ಒಳ್ಳೆಯದು. ಇದಕ್ಕೆ ರಾಡ್ ಜಗ್ಗಬಾರದು. ಮೀನು ತಿಂದು ತಿರುಗಲಿ, ಸುಮ್ಮನೆ ರೀಲ್ ಸುತ್ತುತ್ತ ಹೋದರೆ ಗಾಳ ತಾನಾಗಿಯೇ ಬಾಯಿಯ ಮೂಲೆಗೆ ಸಿಕ್ಕುತ್ತದೆ. ಹಳೆಯ ಅಭ್ಯಾಸದಿಂದ ಜಗ್ಗಿದರೆ ಎರೆಯಷ್ಟೇ ಕೈಗೆ ಬರುತ್ತದೆ.

ದೋಣಿ ಓಡಿಸುತ್ತ ಎಳೆಯುವುದಾದರೆ ಝಾಲರಿಯ ಕೃತಕ ಎರೆಗೆ ಆರರಿಂದ ಎಂಟು ನಾಟ್ ವೇಗ ಬೇಕು, ನಿಜವಾದ ಮೀನು ಕಟ್ಟಿದ್ದರೆ ಇನ್ನೂ ನಿಧಾನ. ದಾರ ತಿರುಚಿಕೊಳ್ಳದಂತೆ ಬಾಲ್ ಬೇರಿಂಗ್ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿ. ಒಂದು ಸ್ಪಿನ್ನಿಂಗ್ ರಾಡನ್ನು ಎರೆ ಕಟ್ಟಿಯೇ ಪಕ್ಕದಲ್ಲಿಟ್ಟಿರಿ, ಏಕೆಂದರೆ ಒಂದು ಮೀನು ಸಿಕ್ಕರೆ ಉಳಿದವು ಅದರ ಹಿಂದೆಯೇ ದೋಣಿಯವರೆಗೆ ಬರುತ್ತವೆ. ಎರಡನೆಯದಕ್ಕೆ ಗಾಳ ತಾಗುವವರೆಗೆ ಮೊದಲನೆಯದನ್ನು ನೀರಿನಲ್ಲೇ ಇಟ್ಟುಕೊಂಡರೆ ಗುಂಪು ಚದರುವುದಿಲ್ಲ. ಗುಂಪು ಸೇರಿಸಲೆಂದು ಹಳೆ ಬಲೆ, ಕ್ಯಾನ್ ಕಡಲಿಗೆ ಎಸೆಯುವವರೂ ಇದ್ದಾರೆ. ಅದು ನಾಳೆ ಯಾರದೋ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುವ ಸಾಮಾನು.

ದೊಡ್ಡ ಮೀನನ್ನು ಲೀಡರ್ ಹಿಡಿದು ಎತ್ತಬೇಡಿ, ಕೊಕ್ಕೆಕೋಲು ಬಳಸಿ. ದೋಣಿಯೊಳಗೆ ಬಿದ್ದ ಮಹಿ-ಮಹಿ ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತದೆ, ಬಾಯಲ್ಲಿರುವ ಗಾಳ ಯಾರ ಕಾಲಿಗೂ ಹೊಕ್ಕಬಹುದು. ನೇರವಾಗಿ ಐಸ್ ಪೆಟ್ಟಿಗೆಗೆ ಹಾಕಿ ಮುಚ್ಚಳದ ಮೇಲೆ ಕುಳಿತುಬಿಡುವುದೇ ಲೇಸು.

ಆ ಐಸ್ ಪೆಟ್ಟಿಗೆಯನ್ನೇ ನಿಮ್ಮ ಬರಹ ಮರೆತದ್ದು ನನ್ನ ದೊಡ್ಡ ತಕರಾರು. ಬಂಗುಡೆ, ಕೇದರದಂತೆಯೇ ಮಹಿ-ಮಹಿಯನ್ನೂ ಬಿಸಿಲಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾದಿಂದ ಮಾಂಸದಲ್ಲಿ ಹಿಸ್ಟಮೈನ್ ಸೇರುತ್ತದೆ. ಒಮ್ಮೆ ಸೇರಿದ ಮೇಲೆ ಎಷ್ಟು ಕುದಿಸಿದರೂ, ಹುರಿದರೂ ಹೋಗದು. ವಾಸನೆಯಿಂದಲೂ ತಿಳಿಯದಿರಬಹುದು. ತಿಂದ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ಬಾಯಿ ಉರಿದು, ತಲೆನೋವು ಶುರುವಾದರೆ ಅದನ್ನು ಮೀನಿನ ಅಲರ್ಜಿ ಎಂದುಕೊಳ್ಳುವವರೇ ಹೆಚ್ಚು. ಮೀನಿನ ತೂಕದಷ್ಟೇ ತೂಕದ ಐಸ್ ಒಯ್ಯಬೇಕು. ಗಡ್ಡೆಯನ್ನು ಪುಡಿ ಮಾಡಿ, ಸ್ವಲ್ಪ ಸಮುದ್ರದ ನೀರು ಬೆರೆಸಿದರೆ ಮೀನಿನ ಸುತ್ತ ಎಲ್ಲೂ ಸಂದು ಉಳಿಯದೆ ಬೇಗ ತಣ್ಣಗಾಗುತ್ತದೆ. ಕಿವಿರು ಕೊಯ್ದು ರಕ್ತ ಹರಿಸಿದರೆ ಮಾಂಸ ಇನ್ನೂ ಚೆನ್ನ.

ಮರಳಿ ಬಂದ ಮೇಲೆ ರೀಲಿಗೆ ಪೈಪಿನ ಜೋರು ನೀರು ಬಿಡಬೇಡಿ, ಉಪ್ಪು ಒಳಕ್ಕೇ ಹೋಗುತ್ತದೆ. ಡ್ರ್ಯಾಗ್ ಬಿಗಿ ಮಾಡಿ ಸಿಹಿನೀರು ಚಿಮುಕಿಸಿ ತೊಳೆದು, ಒರೆಸಿ, ಆಮೇಲೆ ಡ್ರ್ಯಾಗ್ ಪೂರ್ತಿ ಸಡಿಲಿಸಿಟ್ಟುಬಿಡಿ. ಬಿಗಿಯಾಗಿಯೇ ಇಟ್ಟರೆ ಒಳಗಿನ ವಾಷರ್ ಒತ್ತಿ ಅಂಟಿಕೊಳ್ಳುತ್ತದೆ, ಮುಂದಿನ ಸಲ ದಾರ ನಿಂತು ನಿಂತು ಜಾರುತ್ತದೆ.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ, ಲೈಫ್ ಜಾಕೆಟ್, ಕರಾವಳಿ ಕಾವಲು ಪಡೆಯ 1554 ತುರ್ತು ಸಂಖ್ಯೆಯನ್ನೂ ಬರಹದಲ್ಲಿ ಸೇರಿಸಬಹುದಿತ್ತು. ಪುರವಣಿ ಮುಂದಿನ ಬಾರಿ ಸಾಮಗ್ರಿಗಳ ಬೆಲೆಪಟ್ಟಿ ಹಾಕುವುದಾದರೆ, ರಾಡಿಗಿಂತ ಮೇಲೆ ಐಸ್ ಪೆಟ್ಟಿಗೆಯ ಬೆಲೆ ಬರಲಿ ಎಂದು ವಿನಂತಿ.

ಇಂತು,
ಓರ್ವ ಓದುಗ, ಮಲ್ಪೆ