ಗೆಳೆಯನಿಗೊಂದು ಪತ್ರ: ಬೂದಿ ಬಣ್ಣದ ಇಡ್ಲಿ, ಮುದ್ದೆಯಾದ ಕುಂಕುಮ

ಗೆಳೆಯಾ,

ನೀನು ಕಳಿಸಿದ ನಲವತ್ತು ಫೋಟೋನೂ ನೋಡಿದೆ. ಕ್ಯಾಮೆರಾ ಬದಲಿಸಬೇಕಾ ಅಂತ ಕೇಳಿದ್ದೀಯ. ಬೇಡ, ದುಡ್ಡು ಜೇಬಲ್ಲೇ ಇರಲಿ. ಆ 18-55 ಎಂಎಂ ಲೆನ್ಸಿಗೆ ಏನೂ ಆಗಿಲ್ಲ. ಇಡ್ಲಿ ಬೂದಿ ಬಣ್ಣಕ್ಕೆ ತಿರುಗಿದ್ದು, ಮೈಸೂರಿನ ದೇವರಾಜ ಮಾರ್ಕೆಟ್ಟಿನ ಕುಂಕುಮ ಕೆಂಪು ಮುದ್ದೆಯಾಗಿದ್ದು, ಎರಡಕ್ಕೂ ಕಾರಣ ಒಂದೇ. ಬೆಳಕಿನ ಲೆಕ್ಕವನ್ನು ಪೂರ್ತಿ ಕ್ಯಾಮೆರಾಗೇ ಬಿಟ್ಟುಬಿಟ್ಟಿದ್ದೀಯ.

ಕ್ಯಾಮೆರಾದೊಳಗೆ ಬೆಳಕು ಅಳೆಯೋ ಮೀಟರಿಗೆ ಇಡ್ಲಿಯೂ ಗೊತ್ತಿಲ್ಲ, ಎಮ್ಮೆಯೂ ಗೊತ್ತಿಲ್ಲ. ಎದುರಿಗಿದ್ದದ್ದನ್ನೆಲ್ಲ ನಡುಬೂದಿಗೆ ತಂದು ನಿಲ್ಲಿಸೋದಷ್ಟೇ ಅದರ ಕೆಲಸ. ಫ್ರೇಮ್ ತುಂಬ ಬಿಳಿ ಇದ್ದರೆ ಬೆಳಕು ಜಾಸ್ತಿಯಾಯ್ತು ಅಂದುಕೊಂಡು ಕಡಿಮೆ ಮಾಡುತ್ತೆ, ಇಡ್ಲಿ ಬೂದಿಯಾಗುತ್ತೆ. ಫ್ರೇಮ್ ತುಂಬ ಎಮ್ಮೆ ಇದ್ದರೆ ಬೆಳಕು ಸಾಲದು ಅಂತ ಏರಿಸುತ್ತೆ, ಎಮ್ಮೆ ಬಿಳಿಚಿಕೊಳ್ಳುತ್ತೆ. ಶಟರ್ ಬಟನ್ ಹತ್ತಿರ ಪ್ಲಸ್-ಮೈನಸ್ ಗುರುತಿನ ಗುಂಡಿ ಇದೆಯಲ್ಲ, ಮದ್ದು ಅದೇ. ಇಡ್ಲಿ, ಮಲ್ಲಿಗೆ ಮೊಗ್ಗು, ಬಿಳಿ ಪಂಚೆ ಇವಕ್ಕೆ +0.7ರಿಂದ +1. ಎಮ್ಮೆ, ಕರಿಕಲ್ಲಿನ ವಿಗ್ರಹ, ಕಪ್ಪು ಕೊಡೆ ಇವಕ್ಕೆ -1. ಅಡುಗೆಮನೆಯ ಟ್ಯೂಬ್‌ಲೈಟ್ ಆರಿಸಿ ತಟ್ಟೆಯನ್ನು ಕಿಟಕಿ ಪಕ್ಕಕ್ಕೆ ತಾ. ಬೆಳಕು ಒಂದು ಪಕ್ಕದಿಂದ ಬಂದರೆ ಇಡ್ಲಿಯ ಮೇಲಿನ ಸಣ್ಣ ಸಣ್ಣ ತೂತೂ ಕಾಣುತ್ತೆ. ಸ್ಟೀಲ್ ತಟ್ಟೆಯಲ್ಲಿ ನಿನ್ನ ಮುಖ, ಫ್ಯಾನು, ಕಿಟಕಿ ಸರಳು ಎಲ್ಲ ಮೂಡುತ್ತವೆ. ಕ್ಯಾಮೆರಾ ಓರೆ ಮಾಡಿ ನೋಡು, ಆಗದಿದ್ದರೆ ತಟ್ಟೆಗೊಂದು ಬಾಳೆ ಎಲೆ ಹಾಸು.

ಕುಂಕುಮದ ಕಥೆ ಸ್ವಲ್ಪ ಬೇರೆ, ಹೆಚ್ಚಿನವರು ಎಡವೋದು ಇಲ್ಲೇ. ಗೋಪುರದ ಹಾಗೆ ಒಟ್ಟಿದ ಕುಂಕುಮದಲ್ಲಿ ಪುಡಿಯ ಕಣ, ಅಂಗಡಿಯವನು ಚಮಚ ಎಳೆದ ಗೆರೆ, ಒಂದು ಬದಿಯ ನೆರಳು ಎಲ್ಲ ಇತ್ತು. ನಿನ್ನ ಫೋಟೋದಲ್ಲಿ ಯಾವುದೂ ಉಳಿದಿಲ್ಲ. ಸೆನ್ಸರ್ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆಯಾಗಿ ಅಳೆಯುತ್ತೆ. ಕುಂಕುಮದಲ್ಲಿ ಹಸಿರು, ನೀಲಿ ಹೆಚ್ಚೂಕಡಿಮೆ ಇಲ್ಲವೇ ಇಲ್ಲ, ಕೆಂಪು ಒಂದೇ ತುಂಬಿ ಮೇಲಿನ ಅಂಚಿಗೆ ಬಡಿಯುತ್ತೆ. ಬಡಿದ ಮೇಲೆ ಕಣಕ್ಕೂ ಕಣಕ್ಕೂ ವ್ಯತ್ಯಾಸ ಎಲ್ಲಿ ಬಂತು? ಮೂರನ್ನೂ ಒಟ್ಟು ಸೇರಿಸಿ ತೋರಿಸೋ ಬಿಳಿ ಹಿಸ್ಟೊಗ್ರಾಮ್ (ಎಡಕ್ಕೆ ಕತ್ತಲೆ, ಬಲಕ್ಕೆ ಬೆಳಕು ಎಷ್ಟಿದೆ ಅಂತ ತೋರಿಸೋ ಗುಡ್ಡದಂಥ ನಕ್ಷೆ) ನೋಡಿದರೆ ಎಲ್ಲ ಸರಿಯಿದೆ ಅನ್ನಿಸುತ್ತೆ, ಮೋಸ ಆಗೋದು ಅಲ್ಲೇ. ಮೆನುವಿನಲ್ಲಿ ಮೂರು ಬಣ್ಣದ ಹಿಸ್ಟೊಗ್ರಾಮ್ ಆನ್ ಮಾಡಿಕೊ. ಕೆಂಪು ಗುಡ್ಡ ಬಲಗಡೆಯ ಗೋಡೆಗೆ ಒರಗಿದ್ದರೆ -0.7, ಆಮೇಲೂ ಒರಗಿದ್ದರೆ -1. ಬಣ್ಣದ ಗಾಢತೆ ತಿದ್ದೋ ಪಿಕ್ಚರ್ ಸ್ಟೈಲ್ ‘ವಿವಿಡ್’ನಲ್ಲಿಟ್ಟಿದ್ದೀಯ ಅಂತ ಫೋಟೋ ನೋಡಿದರೇ ಗೊತ್ತಾಗುತ್ತೆ, ಅದನ್ನು ‘ನ್ಯೂಟ್ರಲ್’ಗೆ ಇಳಿಸು. ರಾ ಫೈಲ್ (ಸೆನ್ಸರ್ ಅಳೆದದ್ದನ್ನು ಹಾಗೇ ಉಳಿಸೋದು) ತೆಗೆದರೂ ಹಿಂದಿನ ಪರದೆಯ ಹಿಸ್ಟೊಗ್ರಾಮ್ ಜೆಪೆಗ್ (ಕ್ಯಾಮೆರಾ ತಾನೇ ಬಣ್ಣ ತಿದ್ದಿ ಕೊಡೋ ಫೋಟೋ) ಲೆಕ್ಕದ್ದೇ, ಅದಕ್ಕೆ ಈ ಸೆಟ್ಟಿಂಗ್ ಮುಖ್ಯ. ಕೆಂಪು ಗುಲಾಬಿಗೂ ದಾಸವಾಳಕ್ಕೂ ಇದೇ ಔಷಧಿ.

ಹೂವಿನಂಗಡಿಯ ಫೋಟೋದ ಅಡ್ಡಪಟ್ಟೆ ಎಲ್‌ಇಡಿ ಬಲ್ಬಿನದು. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತೆ. ನೀನು ಶಟರ್ 1/500 ಸೆಕೆಂಡಿಗೆ ಇಟ್ಟು ತೆಗೆದೆ ಅಂದಿದ್ದೀಯ. 1/100 ಅಥವಾ 1/50 ಇಡು, ಎಲೆಕ್ಟ್ರಾನಿಕ್ ಶಟರ್ ಆಫ್ ಮಾಡು. ಬದನೆಕಾಯಿ ರಾಶಿಗೆ ನೀಲಿ ಹತ್ತಿದ್ದು ಮೇಲಿನ ಟಾರ್ಪಾಲಿನಿಂದ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣ ಸರಿಮಾಡೋ ಸೆಟ್ಟಿಂಗ್) ಎಷ್ಟು ತಿರುಗಿಸಿದರೂ ಪೂರ್ತಿ ಹೋಗಲ್ಲ, ಯಾಕೆಂದರೆ ಮುಂದಿನ ಸಾಲಿಗೆ ಬಯಲಿನ ಬೆಳಕು, ಹಿಂದಿನ ಸಾಲಿಗೆ ಟಾರ್ಪಾಲಿನ ಬೆಳಕು. ಟಾರ್ಪಾಲಿನ ಅಂಚಿನಲ್ಲಿರೋ ಅಂಗಡಿ ಹುಡುಕು. ಕಾಲು ಕೆಜಿ ಏನಾದರೂ ಕೊಂಡು, ‘ಅಮ್ಮಾ, ಒಂದು ಫೋಟೋ ತಕ್ಕೊಳ್ಲಾ?’ ಅಂತ ಕೇಳಿ ತೆಗೆ.

ಡಿಸೆಂಬರಿಗೆ ಹಂಪಿ ಅಂದಿದ್ದೀಯ, ಒಳ್ಳೆ ತಿಂಗಳು ಆರಿಸಿಕೊಂಡೆ. ಹಂಪಿ ಇರೋದು ಸುಮಾರು 15.3 ಡಿಗ್ರಿ ಅಕ್ಷಾಂಶದಲ್ಲಿ. ಮೇ ಶುರುವಿನಲ್ಲಿ, ಮತ್ತೆ ಆಗಸ್ಟ್ ಮಧ್ಯದ ಹೊತ್ತಿಗೆ, ಅಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರ್ತಾನೆ. ಆಗ ಬಂಡೆಗೆ ನೆರಳೇ ಇಲ್ಲ, ಕೆತ್ತನೆಯೆಲ್ಲ ಚಪ್ಪಟೆ. ಡಿಸೆಂಬರಿನಲ್ಲಿ ಮಧ್ಯಾಹ್ನಕ್ಕೂ ಸೂರ್ಯ ಸುಮಾರು 53 ಡಿಗ್ರಿ ಎತ್ತರ ದಾಟಲ್ಲ. ಆದರೂ 11ರಿಂದ 3ರವರೆಗೆ ಊಟ, ನಿದ್ದೆ ಮುಗಿಸಿಕೊ. ಸೂರ್ಯೋದಯ 6:40ರ ಆಸುಪಾಸು. ಮತಂಗ ಬೆಟ್ಟದ ಮೇಲೆ 6:15ಕ್ಕೇ ಇರಬೇಕು. ಟಾರ್ಚ್ ಒಯ್ಯಿ, ಒಬ್ಬನೇ ಹತ್ತಬೇಡ. ಮೇಲೆ ಎಲ್ಲರೂ ಸೂರ್ಯನಿಗೇ ಕ್ಯಾಮೆರಾ ಹಿಡಿದಿರ್ತಾರೆ. ನೀನು ಉತ್ತರಕ್ಕೆ ತಿರುಗು. ಕೆಳಗೆ ಅಚ್ಯುತರಾಯ ದೇವಸ್ಥಾನ, ಅದರ ಪ್ರಾಕಾರಗಳ ಮೇಲೆ ಪೂರ್ವದ ಬಿಸಿಲು ಅಡ್ಡಡ್ಡ ಬೀಳುತ್ತೆ. ಲೆನ್ಸಿನ ಕಿಂಡಿ ಎಫ್/8, ಸೆನ್ಸರಿನ ಸೂಕ್ಷ್ಮತೆ ಅಂದರೆ ಐಎಸ್‌ಒ 200, ಶಟರ್ 1/100ಕ್ಕಿಂತ ಕೆಳಗೆ ಬೇಡ. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸು. ಟ್ರೈಪಾಡ್ ಮನೆಯಲ್ಲೇ ಬಿಡು, ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಬೇಕು.

ವಿರೂಪಾಕ್ಷ ದೇವಸ್ಥಾನದ ಹಿಂಬದಿಯ ಕತ್ತಲ ಕೋಣೆ ಮಾತ್ರ ತಪ್ಪಿಸಬೇಡ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಒಳಗೆ ಬಂದು ಎದುರು ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುತ್ತೆ. ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿ ದಾಟಿ ಕೆಳಕ್ಕೆ ಇಳಿಯುತ್ತೆ, ಬುಡದಿಂದ ಬಂದದ್ದು ಮೇಲಕ್ಕೆ ಹೋಗುತ್ತೆ. ನಿನ್ನ ಕೈಲಿರೋ ಕ್ಯಾಮೆರಾ ಒಳಗೂ ನಡೆಯೋದು ಇದೇ, ಕಿಂಡಿಯ ಜಾಗದಲ್ಲಿ ಗಾಜು ಇದೆ ಅಷ್ಟೆ. ಕೋಣೆ ಇರೋದು ಗೋಪುರದ ಪಶ್ಚಿಮಕ್ಕೆ. ಹಾಗಾಗಿ ಮಧ್ಯಾಹ್ನದ ಮೇಲೆ, ಗೋಪುರದ ಆ ಮುಖಕ್ಕೆ ಬಿಸಿಲು ಬಿದ್ದಾಗ, ಬಿಂಬ ಗಟ್ಟಿಯಾಗಿ ಕಾಣುತ್ತೆ. ಅಲ್ಲಿದ್ದವರನ್ನು ಕೇಳಿ ಕ್ಯಾಮೆರಾ ಎತ್ತು. ಫ್ಲಾಶ್ ಹಾಕಿದೆಯೋ, ಬಿಂಬ ಮಾಯ, ಬರೀ ಗೋಡೆ ಬರುತ್ತೆ. 18 ಎಂಎಂ, ಎಫ್/3.5, ಐಎಸ್‌ಒ 3200, 1/15ರಿಂದ ಶುರು ಮಾಡು. ಮೊಣಕೈ ಪಕ್ಕೆಗೆ ಒತ್ತಿ, ಬೆನ್ನನ್ನು ಗೋಡೆಗೆ ಕೊಟ್ಟು, ಒಂದರ ಹಿಂದೊಂದು ನಾಲ್ಕು ತೆಗೆ, ಒಂದಾದರೂ ಅಲುಗದೆ ಬರುತ್ತೆ. ಮಸುಕು ಬಿಂಬದ ಮೇಲೆ ಆಟೊಫೋಕಸ್ ತಡಕಾಡುತ್ತೆ, ಅದೇ ಗೋಡೆಯಲ್ಲಿ ಕಲ್ಲಿನ ಜೋಡಣೆಯ ಗೆರೆಗೆ ಫೋಕಸ್ ಮಾಡಿ ಲಾಕ್ ಮಾಡು. ಸುತ್ತ ಕತ್ತಲೆ ಇರೋದರಿಂದ ಇಲ್ಲೂ ಮೀಟರು ಎಮ್ಮೆಗೆ ಮಾಡಿದ್ದನ್ನೇ ಮಾಡುತ್ತೆ, -1ಕ್ಕೆ ಇಳಿಸು.

ಕಲ್ಲಿನ ರಥವನ್ನು 50 ರೂಪಾಯಿ ನೋಟಿನ ಹಾಗೇ ತೆಗೆಯೋದು ಇದ್ದದ್ದೇ, ಒಂದು ತೆಗೆದುಬಿಡು, ಮನಸ್ಸಿಗೆ ಸಮಾಧಾನ. ಆಮೇಲೆ ಚಕ್ರದ ಹತ್ತಿರ ಹೋಗಿ 55 ಎಂಎಂಗೆ ಝೂಮ್ ಮಾಡಿ ಬರೀ ಕೆತ್ತನೆ ತೆಗೆ. ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಸೇನಾಧಿಕಾರಿ 1856ರಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್‌ನಲ್ಲಿ ಹಂಪಿಯನ್ನು ತೆಗೆದಿದ್ದ. ಆಗ ರಥದ ಮೇಲೆ ಇಟ್ಟಿಗೆಯ ಗೋಪುರ ಇತ್ತು, ಈಗ ಇಲ್ಲ. ನೀನು ತೆಗೆಯೋ ಅಂಗಡಿ ಬೋರ್ಡು, ಹರಿಗೋಲು, ಬಸ್‌ಸ್ಟ್ಯಾಂಡುಗಳ ಗತಿಯೂ ಅದೇ ಆಗಬಹುದು. ಅದಕ್ಕೇ ಹೇಳೋದು, ಹೊರಡೋ ಮುಂಚೆ ಕ್ಯಾಮೆರಾದ ತಾರೀಖು, ಗಂಟೆ ಸರಿಮಾಡಿಕೊ. ಅದು 2019ರಲ್ಲೇ ನಿಂತಿದೆ ಅಂತ ನೀನೇ ಹೇಳಿದ್ದೀಯ.

ಇನ್ನೊಂದು. ಈ ನಲವತ್ತನ್ನೂ ವಾಟ್ಸಾಪಿನಲ್ಲಿ ಫೋಟೋ ಅಂತಲೇ ಕಳಿಸಿದ್ದೀಯ, ಅದು ಹಿಂಡಿ ಹಿಪ್ಪೆ ಮಾಡಿದೆ. ಕುಂಕುಮದ ಒಂದಾದರೂ ರಾ ಫೈಲ್ ಇದ್ದರೆ ‘ಡಾಕ್ಯುಮೆಂಟ್’ ಅಂತ ಆರಿಸಿ ಕಳಿಸು, ಕೆಂಪಿನಲ್ಲಿ ಎಷ್ಟು ಉಳಿದಿದೆ ನೋಡೋಣ. ಮತ್ತೆ, ಎರಡು ಕಡೆ ಕಾಪಿ ಆಗೋವರೆಗೂ ಕಾರ್ಡ್ ಫಾರ್ಮ್ಯಾಟ್ ಮಾಡಬೇಡ ಮಾರಾಯಾ.

ಇಂತಿ
ನಿನ್ನ ಗೆಳೆಯ