ಹೊತ್ತಿಕೊಂಡಿದ್ದು ಎಂಜಿನ್ ದೀಪ, ಹಾಳಾಗಿದ್ದು ಗ್ಯಾಸ್ಕೆಟ್

ಮಾನ್ಯ ಸಂಪಾದಕರೇ,

ನಾನು ಮೂವತ್ತನಾಲ್ಕು ವರ್ಷ ಲೈನ್‌ಮನ್ ಆಗಿ ದುಡಿದು ನಿವೃತ್ತನಾದವನು. ಬಲ್ಬು ಉರಿಯದಿದ್ದರೆ ಮೊದಲು ಫ್ಯೂಸ್ ನೋಡು, ಟ್ರಾನ್ಸ್‌ಫಾರ್ಮರ್ ಇಳಿಸಬೇಡ ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಗ್ಯಾರೇಜುಗಳಲ್ಲಿ ಈ ಪಾಠ ತಲೆಕೆಳಗಾಗಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

ದೀಪಾವಳಿ ಮುಗಿದ ವಾರ, ಬೆಂಗಳೂರು ನೋಂದಣಿಯ ನನ್ನ 2014ರ ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಗ್ಯಾರೇಜಿನ ಹುಡುಗ ಸ್ಕ್ಯಾನರ್ ಚುಚ್ಚಿ ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟ: ‘ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ ಸರ್. ಹೊಸದಕ್ಕೆ ಮೂವತ್ತೆಂಟು ಸಾವಿರ. ಬೇಡವೆಂದರೆ ಕತ್ತರಿಸಿ ತೆಗೆದು ನೇರ ಪೈಪ್ ವೆಲ್ಡ್ ಮಾಡುತ್ತೇವೆ, ಮೂರೇ ಸಾವಿರ. ಪಿಕಪ್ಪೂ ಹೆಚ್ಚುತ್ತದೆ.’ ಬಿಚ್ಚಿದ ಹಳೆಯದನ್ನು ನನಗೆ ಕೊಡುತ್ತೀಯಾ ಎಂದೆ. ‘ಅದು ಗುಜರಿ ಸರ್, ನಿಮಗೇಕೆ?’ ಹೊಗೆ ಪೈಪಿನಲ್ಲಿ ಕೂರಿಸಿರುವ ಆ ಗುಜರಿಯೊಳಗೆ ಜೇನುಗೂಡಿನಂತೆ ಸಣ್ಣ ಸಣ್ಣ ರಂಧ್ರಗಳಿರುವ ಪಿಂಗಾಣಿಯ ಗಟ್ಟಿ ಇರುತ್ತದೆ. ಅದಕ್ಕೆ ಲೇಪಿಸಿರುವುದು ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಹೊಗೆಯಲ್ಲಿನ ವಿಷವನ್ನು ಇಳಿಸುವುದು ಆ ಲೇಪವೇ. ಗುಜರಿ ಪೇಟೆಯಲ್ಲಿ ಬೆಲೆ ಬರುವುದೂ ಅದಕ್ಕೇ. ಹುಡುಗನ ಔದಾರ್ಯದ ಮೂಲ ಗೊತ್ತಾಯಿತು.

ಕಾರನ್ನು ಮನೆಗೆ ತಂದೆ. ಒಂಬೈನೂರು ರೂಪಾಯಿಗೆ ಬ್ಲೂಟೂತ್ ಸ್ಕ್ಯಾನರ್ ತರಿಸಿ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಹಾಕಿದೆ. ಮೊಬೈಲಿನಲ್ಲಿ ಬಂದ ಕೋಡ್ ಪಿ0420. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೇನೋ ಎಂದು ಕಾರಿನ ಕಂಪ್ಯೂಟರ್ ಪಡುವ ಅನುಮಾನ ಅದು, ಅನುಮಾನ ಮಾತ್ರ. ಕನ್ವರ್ಟರಿನ ಹಿಂದೆ ಮುಂದೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಒಂದೊಂದು ಆಕ್ಸಿಜನ್ ಸೆನ್ಸರ್ ಇದೆ. ಎಂಜಿನ್ ಬಿಸಿಯಾದ ಮೇಲೆ ಮುಂದಿನದು 0.1ರಿಂದ 0.9 ವೋಲ್ಟ್ ನಡುವೆ ಉಯ್ಯಾಲೆಯಾಡುತ್ತಿರಬೇಕು, ಹಿಂದಿನದು 0.6, 0.7ರ ಆಸುಪಾಸಿನಲ್ಲಿ ನಿಂತಿರಬೇಕು. ನನ್ನ ಕಾರಿನಲ್ಲಿ ಎರಡೂ ಆಡುತ್ತಿದ್ದವು.

ಇಷ್ಟಕ್ಕೇ ಕನ್ವರ್ಟರಿನ ತಿಥಿ ಮಾಡಬೇಕಾಗಿಲ್ಲ. ಪೈಪಿನ ಜೋಡಣೆಯಲ್ಲಿ ಸಣ್ಣ ಸೋರಿಕೆಯಿದ್ದು ಹೊರಗಿನ ಗಾಳಿ ಒಳಗೆಳೆದುಕೊಂಡರೂ ಸೆನ್ಸರ್ ಹೀಗೇ ಮೋಸಹೋಗುತ್ತದೆ. ಮಾರನೆಯ ಬೆಳಿಗ್ಗೆ, ಪೈಪು ತಣ್ಣಗಿರುವಾಗಲೇ, ಬಯಲಿನಲ್ಲಿ ಕಾರನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ, ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬೇಡಿ) ಜೋಡಣೆಗಳಿಗೆ ಸೋಪಿನ ನೀರು ಚಿಮುಕಿಸಿದೆ. ಎಂಜಿನ್ ಚಾಲೂ ಮಾಡಿದ್ದೇ ತಡ, ಕನ್ವರ್ಟರಿನ ಮುಂದಿನ ಫ್ಲ್ಯಾಂಜಿನಲ್ಲಿ (ಪೈಪುಗಳನ್ನು ಬೋಲ್ಟ್ ಹಾಕಿ ಕೂಡಿಸುವ ಅಂಚು) ಗುಳ್ಳೆ ಎದ್ದವು. ಅಲ್ಲೇ ಮಸಿಯ ಗೆರೆಯೂ ಇತ್ತು. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟೆ. ಆಮೇಲೆ ಬಿಚ್ಚಿ, ಆ ಸಂದಿ ಮುಚ್ಚುವ ಗ್ಯಾಸ್ಕೆಟ್ಟನ್ನೂ ನಟ್ಟುಬೋಲ್ಟುಗಳನ್ನೂ ಬದಲಿಸಿದೆ. ಆದ ಖರ್ಚು ಇನ್ನೂರ ಅರವತ್ತು ರೂಪಾಯಿ. ಕೋಡ್ ಅಳಿಸಿ ಹಾಸನಕ್ಕೆ, ತುಮಕೂರಿಗೆ ಓಡಾಡಿದೆ. ಹಿಂದಿನ ಸೆನ್ಸರ್ 0.65ರಲ್ಲಿ ನಿಂತಿದೆ, ದೀಪ ಮತ್ತೆ ಬಂದಿಲ್ಲ.

ಎಲ್ಲರಿಗೂ ಇಷ್ಟು ಅಗ್ಗದಲ್ಲಿ ಮುಗಿಯುತ್ತದೆ ಎನ್ನಲಾರೆ. ತಣ್ಣಗಿರುವಾಗ ಕನ್ವರ್ಟರನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗೆ ಗಲಗಲ ಸದ್ದಾದರೆ ಜೇನುಗೂಡು ಒಡೆದಿದೆ, ಬದಲಿಸಲೇಬೇಕು. ಕನ್ವರ್ಟರ್ ಶುಚಿ ಮಾಡುತ್ತದೆಂದು ಮಾರುವ ಬಾಟಲಿ ದ್ರಾವಣ ಟ್ಯಾಂಕಿಗೆ ಸುರಿದರೆ ಒಡೆದದ್ದು ಕೂಡುವುದಿಲ್ಲ. ದೀಪ ಮಿನುಗುತ್ತಿದ್ದರೆ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ ಎಂದರ್ಥ, ಹೆಚ್ಚಾಗಿ ಸ್ಪಾರ್ಕ್ ತಪ್ಪುತ್ತಿರುತ್ತದೆ. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಕರಗಿಸೀತು. ಮೊದಲು ಪ್ಲಗ್, ಕಾಯಿಲ್ ನೋಡಿ. ಇನ್ನೊಂದು ಮಾತು: ಕನ್ವರ್ಟರ್ ನೂರಾರು ಡಿಗ್ರಿ ಕಾದಿರುತ್ತದೆ. ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆಯ ಮೇಲೇ ಹುರುಳಿ, ರಾಗಿ ಒಕ್ಕಣೆ ಮಾಡುತ್ತಾರೆ. ಆ ಹುಲ್ಲಿನ ಮೇಲೆ ಕಾರು ನಿಲ್ಲಿಸಬೇಡಿ.

ನೇರ ಪೈಪಿನ ದಂಧೆ ನಡೆಯುವುದಕ್ಕೆ ಹೊಗೆ ತಪಾಸಣೆಯವರೂ ಕಾರಣ. ಬಿಎಸ್-4 (ನನ್ನ ಕಾರಿನ ಕಾಲದ ಹೊಗೆ ಮಾನದಂಡ) ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 0.3. ಕನ್ವರ್ಟರ್ ಇಲ್ಲದ ಕಾರು ಈ ಮಿತಿಯೊಳಗೆ ಬರುವುದು ದುಸ್ತರ. ಆದರೆ ಹೋದ ವರ್ಷ ನಾನು ಹೋದಲ್ಲಿ ಸೈಲೆನ್ಸರಿಗೆ ಕೊಳವೆಯನ್ನೇ ತೂರಿಸದೆ, ನಂಬರ್ ಪ್ಲೇಟಿನ ಫೋಟೊ ಹೊಡೆದು ಪ್ರಮಾಣಪತ್ರ ಕೈಗಿತ್ತರು. ಈ ಸಲ ಬೇರೆ ಕಡೆ ಹೋಗಿ, ಎದುರಿಗೆ ನಿಂತು ಅಳೆಸಿದೆ. ಶೇ 0.05 ಬಂತು.

ಸಾರಿಗೆ ಇಲಾಖೆ ತಪಾಸಣಾ ಕೇಂದ್ರಗಳಿಗೆ ಆಗಾಗ ಮುನ್ಸೂಚನೆಯಿಲ್ಲದೆ ಭೇಟಿ ಕೊಡಲಿ. ಗ್ಯಾರೇಜಿನವರು ಬಿಲ್ಲಿನಲ್ಲಿ ಕೋಡನ್ನೂ ಎರಡೂ ಸೆನ್ಸರುಗಳ ವೋಲ್ಟನ್ನೂ ಬರೆದು, ಬಿಚ್ಚಿದ ಹಳೆಯ ಭಾಗವನ್ನು ಮಾಲೀಕರ ಕೈಗೆ ಕೊಡುವಂತೆ ನಿಯಮ ಮಾಡಲಿ. ಮೀಟರ್ ಬದಲಿಸುವಾಗ ಹಳೆಯದರ ರೀಡಿಂಗ್ ಬರೆದು, ಗ್ರಾಹಕರಿಗೆ ತೋರಿಸಿ, ಸಹಿ ಪಡೆದೇ ನಾವು ಕಂಬ ಹತ್ತುತ್ತಿದ್ದೆವು.

– ನಿವೃತ್ತ ಲೈನ್‌ಮನ್, ತಿಪಟೂರು